ಎರಡೂ ಮನೆಯವರು ದಾರ ಹಿಡಿದರೆ ಮಾತ್ರ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ, ಬೀದಿ ದೀಪಗಳೂ ಆರಿಲ್ಲ. ಎರಡು ಮನೆಗಳ ಹಿತ್ತಲು ಕೂಡುವ ಜಾಗದಲ್ಲಿ, ಮಗುಚಿ ಬಿದ್ದ ಹಳೆಯ ಹಲಗೆ ಬೇಲಿಯ ಪಕ್ಕ ಹೆಂಗಸೊಬ್ಬರು ಮೊಣಕಾಲೂರಿ ಕುಳಿತು ನೆಲಕ್ಕೆ ಗೂಟ ಹೊಡೆಯುತ್ತಿದ್ದಾರೆ. ತಲೆಗೆ ಬಿಗಿದು ಕಟ್ಟಿದ ವಸ್ತ್ರ, ಮೈಮೇಲೆ ಗಂಡನ ಹಳೆಯ ಅಂಗಿ, ಕಾಲಿಗೆ ಅಳತೆ ಮೀರಿದ ರಬ್ಬರ್ ಬೂಟು. ಸುತ್ತಿಗೆಯ ಏಟು ಬಿದ್ದಾಗಲೆಲ್ಲ ಯಾವುದೋ ಮನೆಯ ನಾಯಿ ಎದ್ದು ಬೊಗಳುತ್ತದೆ, ಏಟು ನಿಂತರೆ ತಾನೂ ಸುಮ್ಮನಾಗುತ್ತದೆ.

ಎಡಗಡೆ ಹಿತ್ತಲಲ್ಲಿ ಟೈಲರ್ ಒಬ್ಬರು ಬಾಯಲ್ಲಿ ಬ್ರಷ್ ಇಟ್ಟುಕೊಂಡು ನಿಂತಿದ್ದಾರೆ. ಬಲಗಡೆ ಹಿತ್ತಲಲ್ಲಿ ಶಾಲೆಯೊಂದರ ಗುಮಾಸ್ತೆ, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು, ಕೆಲಸಕ್ಕೆ ಹೊತ್ತಾಯಿತು ಎಂದು ಮುಖದಲ್ಲೇ ಹೇಳುತ್ತಿದ್ದಾರೆ. ಹೋದ ವರ್ಷ ಹಲಗೆ ಬೇಲಿ ಗಾಳಿಗೆ ಬಿದ್ದ ಮೇಲೆ ಟೈಲರ ಕುಂಬಳದ ಬಳ್ಳಿ ಈ ಕಡೆಗೆ ಹಬ್ಬಿ ಗುಮಾಸ್ತೆಯ ಗುಲಾಬಿ ಪಾತಿಯಲ್ಲಿ ಕಾಯಿ ಬಿಟ್ಟಿತ್ತು. ಆ ಕಾಯಿ ಯಾರದ್ದು ಎಂಬಲ್ಲಿಂದ ಶುರುವಾದ ಮಾತು, ಗಡಿ ಎಲ್ಲಿ ಎಂಬಲ್ಲಿಗೆ ಬಂದು, ಕೊನೆಗೆ ಮಾತೇ ನಿಂತುಹೋಗಿದೆ.

"ದಾರ ಹಿಡ್ಕೊಳ್ಳಿ ಸಾರ್," ಎಂದು ಹೆಂಗಸು ನೂಲುಂಡೆಯ ಒಂದು ತುದಿಯನ್ನು ಟೈಲರ ಕೈಗೆ ಕೊಡುತ್ತಾರೆ.

"ಊಟಕ್ಕೆ ಕಟ್ಟಮ್ಮ," ಎನ್ನುತ್ತಾರೆ ಟೈಲರು. ಬ್ರಷ್ ಇದ್ದ ಬಾಯಲ್ಲಿ ಗೂಟ ಊಟವಾಗಿದೆ.

"ಗೂಟಕ್ಕೆ ಆಮೇಲೆ ಕಟ್ತೀನಿ. ಮೊದಲು ನೀವು ಹಿಡೀರಿ, ಆ ಕಡೆ ಮೇಡಂ ಹಿಡೀತಾರೆ. ಇಬ್ರೂ 'ಇಲ್ಲೇ' ಅನ್ನಬೇಕು. ಅಲ್ಲೀವರೆಗೆ ನನ್ನ ಹಾರೆ ನೆಲಕ್ಕೆ ಬೀಳಲ್ಲ."

ದಾರ ಸಡಿಲವಾಗಿ ಜೋತು ಬೀಳುತ್ತದೆ. ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದಾರೆ. "ಎಳೀರಿ ಎಳೀರಿ. ಜಗಳದಲ್ಲಿ ಎಷ್ಟು ಜೋರಾಗಿ ಎಳೆದಾಡಿದ್ರೋ ಅಷ್ಟೇ ಜೋರಾಗಿ," ಎಂದಾಗ ಗುಮಾಸ್ತೆ ನಗು ಬಂದಿದ್ದನ್ನು ಟವೆಲ್ ಸರಿಮಾಡಿಕೊಳ್ಳುವ ನೆಪದಲ್ಲಿ ಮರೆಸುತ್ತಾರೆ. ದಾರ ಬಿಗಿಯಾಗುತ್ತದೆ. ಒಂದು ಬೆರಳು ಈ ಕಡೆ, ಅರ್ಧ ಬೆರಳು ಆ ಕಡೆ ಎಂದು ಸ್ವಲ್ಪ ಹೊತ್ತು ಓಲಾಡಿ ಒಂದೆಡೆ ನಿಲ್ಲುತ್ತದೆ. "ಇಲ್ಲೇ," ಎನ್ನುತ್ತಾರೆ ಗುಮಾಸ್ತೆ. "ಇಯ್ಯೇ," ಎನ್ನುತ್ತಾರೆ ಟೈಲರು.

"ಬಾಯಿ ತೊಳ್ಕೊಂಡು ಬಂದು ಹೇಳಿ ಸಾರ್. ಇಲ್ಲದಿದ್ರೆ ನಾಳೆ ನಾನು ಹಾಗಂದೇ ಇಲ್ಲ ಅಂತೀರ."

ಟೈಲರು ನಿಜವಾಗಿಯೂ ಒಳಗೆ ಹೋಗಿ ಬಾಯಿ ತೊಳೆದುಕೊಂಡು ಬರುತ್ತಾರೆ. ಅಷ್ಟು ಹೊತ್ತೂ ದಾರದ ಟೈಲರ ತುದಿಯನ್ನೂ ಗುಮಾಸ್ತೆಯೇ ಕಾಯುತ್ತಾರೆ.

ಊರಿನ ಈ ಭಾಗದಲ್ಲಿ ಈ ಹೆಂಗಸನ್ನು ಎಲ್ಲರೂ ಕರೆಯುವುದು ಬೇಲಿ ಅಕ್ಕ ಎಂದೇ. ಅವರಿಗಿಂತ ಇಪ್ಪತ್ತು ವರ್ಷ ಹಿರಿಯರಾದವರಿಗೂ ಅವರು ಅಕ್ಕನೇ. ವಯಸ್ಸು ಐವತ್ತು ದಾಟಿದೆ. ಬೇಲಿ ಕಟ್ಟುವುದು ಮೂಲದಲ್ಲಿ ಗಂಡನ ಕೆಲಸ. ಲಾರಿಯಿಂದ ಕಲ್ಲುಕಂಬ ಇಳಿಸುವಾಗ ಒಂದು ಜಾರಿ ಆತನ ಸೊಂಟದ ಮೇಲೆ ಬಿತ್ತು. ಅರ್ಧಕ್ಕೆ ನಿಂತಿದ್ದ ಬೇಲಿಯನ್ನು ಮುಗಿಸಿಕೊಡಲು ಹೋದ ಹೆಂಡತಿ ಅಲ್ಲಿಂದ ಮತ್ತೆ ಮನೆಯಲ್ಲಿ ಕೂರಲಿಲ್ಲ. ತಂತಿಯ ಇನ್ನೊಂದು ತುದಿ ಹಿಡಿಯಲು ನಾದಿನಿ ಜೊತೆಯಾದರು. ನಾದಿನಿ ಮಾತಿನ ಮಲ್ಲಿ. ಅತ್ತಿಗೆಯದು ಅಳೆದು ತೂಗಿದ ಮಾತು.

"ನಮ್ಮಣ್ಣ ಮನೇಲಿ ಅಡುಗೆ ಮಾಡ್ತಾನೆ, ಇವಳು ಗುಂಡಿ ತೋಡ್ತಾಳೆ," ಎಂದು ನಾದಿನಿ ತಂತಿ ಬಿಚ್ಚುತ್ತಲೇ ಹೇಳುತ್ತಾರೆ. "ಉಪ್ಪು ಜಾಸ್ತಿ ಆಯ್ತು ಅಂದ್ರೆ ಅವನು ಕಂಬ ವಾಲಿದೆ ಅಂತಾನೆ. ಇವರಿಬ್ಬರ ಮಧ್ಯೆ ಒಂದು ಬೇಲಿ ಹಾಕೋಣ ಅಂದ್ರೆ ದಾರ ಹಿಡಿಯೋಕೆ ನಾನೊಬ್ಬಳೇ."

ಮಣ್ಣು ಮೆತ್ತಗಿದ್ದರೆ ದಿನಕ್ಕೆ ಹತ್ತು ಹನ್ನೆರಡು ಗುಂಡಿ ಆಗುತ್ತದೆ. ಕೆಳಗೆ ಕಲ್ಲು ಸಿಕ್ಕರೆ ಮೂರೋ ನಾಲ್ಕೋ. ಹಾರೆಯಲ್ಲಿ ಕುಕ್ಕಿ, ಕೈಯಿಂದ ಮಣ್ಣು ಬಾಚಿ, ತೋಳು ಭುಜದವರೆಗೆ ಒಳಗೆ ಹೋದರೆ ಆಳ ಸರಿಯಾಯಿತು ಎಂದು ಲೆಕ್ಕ. ಆಮೇಲೆ ಕಂಬ, ಜಲ್ಲಿ, ಸಿಮೆಂಟು. ಅದು ಒಣಗಿ ಗಟ್ಟಿಯಾದ ಮೇಲೆ ಜಾಲರಿ. ತಂತಿ ಗಂಟು ಹಾಕಿದಾಗ ಉಳಿಯುವ ಚೂಪು ತುದಿಯನ್ನು ಅಕ್ಕ ಎರಡೂ ಕಡೆಗೆ ಬಿಡದೆ ಕಂಬದ ಮೈಗೇ ಒತ್ತಿ ಮಡಿಸುತ್ತಾರೆ. ಯಾರ ಕಡೆಗೆ ತಿರುಗಿದರೂ ಅದು ಬೇಕೆಂದೇ ಇಟ್ಟದ್ದು ಎಂಬ ಮಾತು ಬರುತ್ತದಂತೆ. ಅವರ ಅಂಗೈ ನೋಡಿದರೆ ಗಾಯಗಳ ಗೆರೆ ಯಾವುದು, ಕೈಯ ಗೆರೆ ಯಾವುದು ಎಂದು ತಿಳಿಯುವುದಿಲ್ಲ.

ಕೆಲಸದ ಜಾಗದಲ್ಲಿ ಅಕ್ಕ ನೀರು ಕೂಡ ಕೇಳುವುದಿಲ್ಲ. ಮನೆಯಿಂದಲೇ ದೊಡ್ಡ ಬಾಟಲಿ ಬರುತ್ತದೆ. "ಒಬ್ಬರ ಮನೇಲಿ ಟೀ ಕುಡಿದ್ರೆ ಇನ್ನೊಬ್ಬರು ಬೇಲಿ ಅವರ ಕಡೆಗೆ ಸರಿದಿದೆ ಅಂತಾರೆ. ಇಬ್ಬರ ಮನೇಲೂ ಕುಡಿಯೋಣ ಅಂದ್ರೆ ಹೊಟ್ಟೆ ಕೇಳಬೇಕಲ್ಲ. ಅದಕ್ಕೇ ಯಾರದ್ದೂ ಬೇಡ." ನಾದಿನಿಗೆ ಈ ನಿಯಮ ಬಹಳ ಕಷ್ಟದ್ದು. ಟೈಲರ ಮನೆಯಿಂದ ಬರುತ್ತಿರುವ ಟೀ ವಾಸನೆಯ ಕಡೆಗೆ ಅವರು ಎರಡು ಸಲ ತಿರುಗಿ ನೋಡಿದ್ದನ್ನು, ಅಕ್ಕನ ಬಗ್ಗೆ ಬರೆಯಲು ಬಂದ ನಾನೂ ಗಮನಿಸಿದ್ದೇನೆ.

ಬೇಲಿ ಹಾಕಿಸುವವರೆಲ್ಲ ಜಗಳಗಂಟರೇನಲ್ಲ. ಆದರೆ ಬೆಳಗಾಗುವ ಮೊದಲೇ ಬಾ ಎಂದು ಅವಸರ ಮಾಡುವವರು ಸಾಮಾನ್ಯವಾಗಿ ಜಗಳ ಆಡಿದವರೇ ಎನ್ನುತ್ತಾರೆ ಅಕ್ಕ. ನಾಲ್ಕು ಜನ ನೋಡುವ ಮೊದಲೇ ಕೆಲಸ ಮುಗಿಯಲಿ ಎಂಬ ಆಸೆ ಅವರಿಗೆ. ಅಂಥ ಕರೆ ಬಂದರೆ ಅಕ್ಕ ಕೇಳುವ ಪ್ರಶ್ನೆ ಒಂದೇ: ಪಕ್ಕದ ಮನೆಯವರು ಇರುತ್ತಾರಾ? ಇಲ್ಲ ಎಂದರೆ ಬರುವುದಿಲ್ಲ. ಇದರಿಂದ ಕೈತಪ್ಪಿದ ಕೆಲಸಗಳೂ ಇವೆ. ಏನೂ ಕೇಳದೆ, ತೋರಿಸಿದ ಕಡೆ ಕಂಬ ನೆಟ್ಟುಕೊಡುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ.

ಈ ಹಟ ಯಾಕೆ ಎಂದು ಕೇಳಿದೆ. ಅಕ್ಕ ಗುಂಡಿಯೊಳಗೆ ಕೈ ಬಿಟ್ಟು ಮಣ್ಣು ಬಾಚುತ್ತಲೇ ಇದ್ದರು. ಸದಾ ಮಾತಾಡುವ ನಾದಿನಿಯೂ ಆಗ ಜಾಲರಿಯ ಸುರುಳಿ ತರುವ ನೆಪದಲ್ಲಿ ಗಾಡಿಯ ಕಡೆಗೆ ನಡೆದರು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದ ಮೇಲೆ ಅಕ್ಕ ತಾವಾಗಿಯೇ ಬಾಯಿ ಬಿಟ್ಟರು.

"ಒಂದು ಬೇಲಿ ಹಾಕಬಾರದಿತ್ತು," ಎಂದರು. "ಹಾಕಿಬಿಟ್ಟೆ."

ಏಳೆಂಟು ವರ್ಷದ ಹಿಂದಿನ ಮಾತು. ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ಮನೆಗಳು. ಒಂದರ ಮುಂಬಾಗಿಲು ಒಂದು ಬೀದಿಗೆ, ಇನ್ನೊಂದರದು ಇನ್ನೊಂದು ಬೀದಿಗೆ. ಹಿತ್ತಲು ಮಾತ್ರ ಒಂದೇ ಎಂಬಂತೆ ಕೂಡಿಕೊಂಡಿತ್ತು. ಒಂದು ಮನೆಯಲ್ಲಿ ಕನ್ನಡಕದಂಗಡಿ ಇಟ್ಟಿದ್ದವರು ಮತ್ತು ಅವರ ಹೆಂಡತಿ. ಇನ್ನೊಂದರಲ್ಲಿ ಬಸ್ ಓಡಿಸಿ ನಿವೃತ್ತರಾದ ಡ್ರೈವರು ಮತ್ತು ಅವರ ಹೆಂಡತಿ. ಗಂಡಸರಿಬ್ಬರದು ಹೇಗಿದ್ದೀರಿ, ಚೆನ್ನಾಗಿದ್ದೀನಿ ಎಂಬಷ್ಟು. ಹೆಂಗಸರಿಬ್ಬರದು ಹಾಗಲ್ಲ. ಇವರ ಒಲೆಯ ಮೇಲೆ ಇಟ್ಟ ಹಾಲು ಉಕ್ಕಿದರೆ ಅವರು ಓಡಿ ಬಂದು ಇಳಿಸುತ್ತಿದ್ದರು. ಹಿತ್ತಲ ನಡುವೆ ಒಂದು ನಿಂಬೆ ಮರ. ಕನ್ನಡಕದವರ ಹೆಂಡತಿ ಮದುವೆಯಾಗಿ ಬಂದ ಹೊಸತರಲ್ಲಿ ನೆಟ್ಟದ್ದು. ಅವರ ಹಿಂಬಾಗಿಲ ಕೊಕ್ಕೆಯಿಂದ ಆ ಮರಕ್ಕೆ ಬಟ್ಟೆ ಒಣಗಿಸುವ ಹಗ್ಗ. ಎರಡೂ ಮನೆಯ ಬಟ್ಟೆ ಅದರ ಮೇಲೇ ಒಣಗುತ್ತಿತ್ತು.

ಡ್ರೈವರು ಮನೆಯಲ್ಲಿ ಸುಮ್ಮನೆ ಕೂರಲಾರದೆ ಹಿತ್ತಲಲ್ಲಿ ಪಂಕ್ಚರ್ ಕೆಲಸಕ್ಕೆ ಶೆಡ್ಡು ಹಾಕಲು ಹೊರಟರು. ಶೆಡ್ಡು ಎದ್ದರೆ ನಮ್ಮ ಅಡುಗೆಮನೆಗೆ ಬೆಳಕು ಬರುವುದಿಲ್ಲ ಎಂದರು ಕನ್ನಡಕದವರು. ಮನೆಯ ನಕ್ಷೆಗಳು ಹೊರಗೆ ಬಂದವು. ನಕ್ಷೆಯ ಪ್ರಕಾರ ನಿಂಬೆ ಮರ ಒಂದು ಗೇಣಿನಷ್ಟು ಡ್ರೈವರ ಕಡೆಗೇ ಇತ್ತು. ಆ ದಿನ ಮಾತಿಗೆ ಮಾತು ಬೆಳೆದು ಕನ್ನಡಕದವರು, "ಬೇಕಾದ್ರೆ ಬೇಲಿ ಹಾಕ್ಕೊಳ್ಳಿ ಹೋಗಿ. ನಿಮ್ಮ ಮುಖ ನೋಡೋದಾದ್ರೂ ತಪ್ಪುತ್ತೆ," ಎಂದುಬಿಟ್ಟರು. ಸಿಟ್ಟಿನಲ್ಲಿ ಆಡಿದ ಮಾತನ್ನು ಡ್ರೈವರು ಒಪ್ಪಿಗೆ ಎಂದೇ ಹಿಡಿದರು.

"ನನ್ನ ಕರೆದಾಗ ಆ ಮನೆಗೆ ಬೀಗ," ಎನ್ನುತ್ತಾರೆ ಅಕ್ಕ. "ಎಲ್ಲಿ ಇವರು ಅಂತ ಕೇಳಿದೆ. ಊರಲ್ಲಿಲ್ಲ, ಅವರದೇನೂ ತಕರಾರಿಲ್ಲ, ಅವರೇ ಹಾಕ್ಕೊಳ್ಳಿ ಅಂದಿದ್ದಾರೆ ಅಂದ್ರು ಡ್ರೈವರಣ್ಣ. ಸುಳ್ಳಲ್ಲ ಅದು. ಆದ್ರೆ ಹಗ್ಗದ ಮೇಲೆ ಬಟ್ಟೆ ಇತ್ತು ನೋಡಿ. ಎರಡು ಅಂಗಿ, ಒಂದು ಹೊದಿಕೆ, ಹೆಂಗಸರ ಒಂದು ಸ್ವೆಟರ್. ಮಳೆಗೆ ನೆನೆದು ಮತ್ತೆ ಒಣಗಿ ತಿರುಚಿಕೊಂಡಿತ್ತು. ಊರಿಗೆ ಹೋಗೋರು ಯಾರಾದ್ರೂ ಬಟ್ಟೆ ಹಗ್ಗದ ಮೇಲೇ ಬಿಟ್ಟು ಹೋಗ್ತಾರಾ? ನಾನೂ ಒಂದು ಮನೆ ನಡೆಸೋಳು. ನನಗೆ ಗೊತ್ತಾಗಬೇಕಿತ್ತು. ಗೊತ್ತಾಯ್ತು ಕೂಡ. ಏನೋ ಆಗಿದೆ ಅಂತ ಅನ್ನಿಸ್ತು. ಆದ್ರೆ ಕೇಳಲಿಲ್ಲ. ಕೇಳಿದ್ರೆ ಕೆಲಸ ನಿಲ್ಲುತ್ತಲ್ಲ."

ಕನ್ನಡಕದವರು ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿದ್ದರು. ಡ್ರೈವರ ಹೆಂಡತಿಯೂ ಆಗ ತವರಿಗೆ ಹೋಗಿದ್ದರು. ಅಕ್ಕ ನಕ್ಷೆಯಂತೆ ಗುಂಡಿ ತೋಡಿದರು, ಕಂಬ ನೆಟ್ಟರು. ಜಾಲರಿ ಎಳೆಯುವಾಗ ಬಟ್ಟೆಯ ಹಗ್ಗ ಅಡ್ಡ ಬಂತು. ನಿಂಬೆ ಮರದಿಂದ ಗಂಟು ಬಿಚ್ಚಿದರು. ಬಟ್ಟೆಯನ್ನೆಲ್ಲ ಒದರಿ, ಮಡಿಸಿ, ಹಿಂಬಾಗಿಲ ಮೆಟ್ಟಿಲ ಮೇಲೆ ಇಟ್ಟರು. ಹಗ್ಗವನ್ನು ಸುರುಳಿ ಸುತ್ತಿ, ಗಾಳಿಗೆ ಹಾರದಿರಲೆಂದು ಬಟ್ಟೆಯ ಮೇಲೆ ಹೇರಿದರು. ಕೆಲಸ ಚೆನ್ನಾಗಿಯೇ ಆಯಿತು. ಡ್ರೈವರು ಕಂಬ ಅಲ್ಲಾಡಿಸಿ ನೋಡಿ ಭೇಷ್ ಎಂದರು.

ಕೆಲವು ದಿನ ಬಿಟ್ಟು, ಸಿಮೆಂಟಿಗೆ ಆಸರೆ ಕೊಟ್ಟಿದ್ದ ಹಲಗೆಗಳನ್ನು ಬಿಚ್ಚಲು ಅಕ್ಕ ಹೋಗಿದ್ದಾಗಲೇ ಆ ಮನೆಯ ಮುಂದೆ ಬಾಡಿಗೆ ಕಾರು ಬಂದು ನಿಂತಿತು. ಕನ್ನಡಕದವರ ಹೆಂಡತಿ ಮನೆಯೊಳಗೆ ಮಲಗಲು ಒಪ್ಪದೆ, ಮೊದಲು ಹಿತ್ತಲಿಗೆ ಕರೆದುಕೊಂಡು ಹೋಗಿ ಎಂದರಂತೆ. ಗಂಡನ ತೋಳು ಹಿಡಿದು ಹಿಂಬಾಗಿಲಿಗೆ ಬಂದವರು ಅಲ್ಲೇ ನಿಂತರು. ಎದುರಿಗೆ ಹೊಸ ಜಾಲರಿ. ಅದರ ಆಚೆ ನಿಂಬೆ ಮರ.

"ಆ ಯಜಮಾನ್ರು ಕೂಗಾಡೋಕೆ ಶುರು ಮಾಡಿದ್ರು. ಆಯಮ್ಮ ಕೈ ಎತ್ತಿ, 'ಕೂಗಬೇಡಿ, ನನಗೆ ಕೂತ್ಕೋಬೇಕು' ಅಂದ್ರು. ಮೆಟ್ಟಿಲ ಮೇಲೆ ಕೂತ್ರು. ಪಕ್ಕದಲ್ಲೇ ಬಟ್ಟೆ. ಅದರ ಮೇಲೆ ಕೈ ಆಡಿಸಿದ್ರು. 'ಮಡಿಸಿಟ್ಟಿದ್ದು ನೀನೇನಮ್ಮ?' ಅಂತ ಕೇಳಿದ್ರು. ಹೂಂ ಅಂದೆ. 'ಚೆನ್ನಾಗಿ ಮಡಿಸಿದ್ದೀಯ' ಅಂದ್ರು. ಆಮೇಲೆ ಹಗ್ಗ ಎತ್ಕೊಂಡು, 'ಇದನ್ನ ಇನ್ನು ಎಲ್ಲಿಗೆ ಕಟ್ಟಲಿ?' ಅಂದ್ರು."

ಅಕ್ಕ ಡಬ್ಬಿಯ ಮುಚ್ಚಳ ಹಾಕಿದರು. ಊಟ ಅರ್ಧ ಉಳಿದಿತ್ತು.

"ಬೈದಿದ್ರೆ ಚೆನ್ನಾಗಿತ್ತು. ಬೈಸಿಕೊಂಡು ಅಭ್ಯಾಸ ಇದೆ ನಮಗೆ."

ಅದೇ ಸಂಜೆ ಅಕ್ಕ ಡ್ರೈವರ ಮನೆಗೆ ಹೋದರು. ಎರಡು ಕಂಬದ ನಡುವಿನ ಜಾಲರಿ ಬಿಚ್ಚಿಬಿಡುತ್ತೇನೆ, ಹೆಂಗಸರು ಓಡಾಡಲಿ ಎಂದರು. ಡ್ರೈವರಿಗೂ ಮನಸ್ಸು ಕರಗಿತ್ತು. ಆದರೆ, "ಅವರು ಬಂದು ಒಂದು ಮಾತು ಕೇಳಲಿ, ಬಿಚ್ಚಿಸ್ತೀನಿ," ಎಂದರು. ಅಕ್ಕ ಬೀದಿ ಸುತ್ತಿ ಕನ್ನಡಕದವರ ಮನೆಗೆ ಬಂದರು. "ಕದ್ದು ಬೇಲಿ ಹಾಕಿದೋರು ಬಂದು ತಪ್ಪಾಯ್ತು ಅನ್ನಲಿ," ಎಂದರು ಅವರು. ಅಕ್ಕ ಮತ್ತೆ ಮತ್ತೆ ಬೀದಿ ಸುತ್ತಿದರು. ಒಬ್ಬರು ಕೇಳಲಿಲ್ಲ, ಇನ್ನೊಬ್ಬರು ಅನ್ನಲಿಲ್ಲ. ಹೆಂಗಸರಿಬ್ಬರು ಜಾಲರಿಯ ಆಚೆ ಈಚೆ ಸ್ಟೂಲು ಹಾಕಿಕೊಂಡು ಕೂತು ಮಾತಾಡುತ್ತಿದ್ದರು.

ಆ ವರ್ಷದ ಬೇಸಿಗೆ ಮುಗಿಯುವ ಮೊದಲೇ ಕನ್ನಡಕದವರ ಹೆಂಡತಿ ತೀರಿಕೊಂಡರು.

ಈಗ ಆ ಬೇಲಿಯನ್ನು ನೋಡಬಹುದೇ ಎಂದು ಕೇಳಿದಾಗ ಅಕ್ಕ ಬೇಡವೆನ್ನಲಿಲ್ಲ. ಆಗಾಗ ಅವರು ಅಲ್ಲಿಗೆ ಹೋಗುತ್ತಾರಂತೆ. ತಂತಿ ಸಡಿಲಾಗಿದೆಯೇ ನೋಡುವ ನೆಪ. ಅವರು ಟೀ ಕುಡಿಯುವ ಮನೆ ಅದೊಂದೇ.

ಮರುದಿನ ಸಂಜೆ ಹೋದೆವು. ಕನ್ನಡಕದವರು ಬಾಗಿಲು ತೆರೆದು, "ಬಾಮ್ಮ ಬಾ," ಎಂದು ಕರೆದರು. ತೆಳ್ಳಗಿನ ಆಳು. ಮಾತಾಡುವಾಗ ಎದುರಿಗಿರುವವರ ಕನ್ನಡಕವನ್ನೇ ನೋಡುತ್ತಾರೆ. ನನ್ನದು ಮೂಗಿನ ಮೇಲೆ ಓರೆಯಾಗಿ ಕೂತಿದೆ ಎಂದು, ಕೇಳದೆಯೇ ತೆಗೆದು, ಕಡ್ಡಿ ಬಗ್ಗಿಸಿ ಸರಿಮಾಡಿ ಕೊಟ್ಟರು. ನಡುಮನೆಯಲ್ಲಿ ರಟ್ಟಿನ ಪೆಟ್ಟಿಗೆಗಳು ಒಂದರ ಮೇಲೊಂದು ನಿಂತಿದ್ದವು. ಗೋಡೆಯ ಮೇಲೆ ಫೋಟೊ ಇದ್ದ ಜಾಗದಲ್ಲಿ ಬಣ್ಣ ಮಾಸದ ಚೌಕ.

"ಇವಳ ತಪ್ಪೇನೂ ಇಲ್ಲ," ಎಂದರು ಅಕ್ಕನ ಕಡೆ ತೋರಿಸಿ. "ಹಾಕ್ಕೊಳ್ಳಿ ಹೋಗಿ ಅಂದೋನು ನಾನೇ. ಬಾಯಿಂದ ಹೊರಗೆ ಬಿದ್ದ ಮೇಲೆ ಯಾರಿಗೆ ಹೇಳೋದು? ಆಮೇಲೂ ಒಂದು ಮಾತು ಆಡಬಹುದಿತ್ತು. ನಮ್ಮವಳು ಕೇಳಿದ್ಲು, 'ನೀವೇ ಹೋಗಿ ಮಾತಾಡಿ, ಏನಾಗುತ್ತೆ' ಅಂತ. ನಾಳೆ ಹೋಗ್ತೀನಿ ಅಂದೆ. ನಾಳೆ ನಾಳೆ ಅಂತ ಅವಳೇ ಹೋಗಿಬಿಟ್ಲು."

"ಈಗಲೂ ಬಿಚ್ಚಿಕೊಡ್ತೀನಿ ಅಣ್ಣ," ಎಂದರು ಅಕ್ಕ. ಹಿಂದೆ ಎಷ್ಟೋ ಸಲ ಹೇಳಿದ ಮಾತು ಎಂದು ದನಿಯಲ್ಲೇ ಗೊತ್ತಾಗುತ್ತಿತ್ತು.

"ಈಗ ಯಾರು ದಾಟಬೇಕಮ್ಮ? ತಿಂಗಳ ಕೊನೆಗೆ ನಾನೂ ಹೊರಟೆ. ಅಂಗಡಿ ಕೊಟ್ಟಾಯ್ತು, ಮನೆ ಮಾರೋ ಮಾತೂ ಆಯ್ತು. ತಂಗಿ ಅವಳ ಮನೆ ಹತ್ತಿರ ನನಗೊಂದು ರೂಮು ನೋಡಿದ್ದಾಳೆ."

ಅಕ್ಕನಿಗೆ ಇದು ಹೊಸ ಸುದ್ದಿ. ಪೆಟ್ಟಿಗೆಗಳನ್ನು ಅವರು ಆಗ ಸರಿಯಾಗಿ ನೋಡಿದರು. ಎದ್ದು ಹಿತ್ತಲಿಗೆ ನಡೆದರು. ನಾವೂ ಹಿಂದೆ ಹೋದೆವು.

ಬೇಲಿ ಈಗಲೂ ನೆಟ್ಟಗೆ ನಿಂತಿದೆ. ಆಳೆತ್ತರದ ಜಾಲರಿ. ಆಚೆ ನಿಂಬೆ ಮರ ಹಣ್ಣು ಹೊತ್ತು ಬಾಗಿದೆ, ಬುಡದ ತುಂಬ ಕೊಳೆತ ಹಣ್ಣು. ಡ್ರೈವರ ಮನೆಯವರು ಆ ಮರದ ಹಣ್ಣನ್ನು ಮನೆಯೊಳಗೆ ತೆಗೆದುಕೊಂಡು ಹೋಗುವುದಿಲ್ಲವಂತೆ. ಶೆಡ್ಡಿನ ಬಾಗಿಲಲ್ಲಿ ಡ್ರೈವರು ಸೈಕಲ್ ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದರು. ನಮ್ಮನ್ನು ನೋಡಿಯೂ ನೋಡದಂತೆ ಪಂಪು ಒತ್ತುತ್ತಲೇ ಇದ್ದರು. ಅಕ್ಕ ಮೊಣಕಾಲೂರಿ, ಇಕ್ಕಳ ತೆಗೆದು, ಬಿಗಿಯಾಗಿಯೇ ಇದ್ದ ಒಂದು ಗಂಟನ್ನು ಮತ್ತೆ ಬಿಗಿ ಮಾಡತೊಡಗಿದರು.

"ಡ್ರೈವರಿಗೆ ನೀನೇ ಹೇಳಿಬಿಡಮ್ಮ, ನಾನು ಹೋಗೋದು," ಎಂದರು ಕನ್ನಡಕದವರು ತಗ್ಗಿದ ದನಿಯಲ್ಲಿ.

"ನಾನು ಹೇಳಲ್ಲ. ಇಲ್ಲೇ ಇದ್ದಾರಲ್ಲ, ನೀವೇ ಹೇಳಿ."

ಅವರು ಜಾಲರಿಯವರೆಗೆ ಹೋಗಿ ಹಿಂದೆ ಸರಿದರು. ಅಕ್ಕ ಇಕ್ಕಳ ಕೆಳಗಿಟ್ಟು ಎದ್ದು ನಿಂತರು. ಅಳೆದು ತೂಗಿ ಮಾತಾಡುವ ಅಕ್ಕ ಅಷ್ಟು ಗಟ್ಟಿಯಾಗಿ ಕೂಗಬಲ್ಲರು ಎಂದು ನಾನು ಎಣಿಸಿರಲಿಲ್ಲ.

"ಈ ಅಣ್ಣ ಮನೆ ಖಾಲಿ ಮಾಡ್ತಿದ್ದಾರಂತೆ! ತಿಂಗಳ ಕೊನೆಗೆ ಹೋಗ್ತಾರಂತೆ!"

ಪಂಪು ನಿಂತಿತು. ಮತ್ತೆ ಶುರುವಾಯಿತು, ಈ ಸಲ ನಿಧಾನಕ್ಕೆ. ಅಡುಗೆಮನೆಯಿಂದ ಡ್ರೈವರ ಹೆಂಡತಿ ಕೈ ಒರೆಸಿಕೊಳ್ಳುತ್ತ ಓಡಿ ಬಂದು ಜಾಲರಿಗೆ ಬೆರಳು ಸಿಕ್ಕಿಸಿ ನಿಂತರು.

"ಹೌದಾ ಅಣ್ಣ?"

"ಹೂಂ ಕಣಮ್ಮ."

ಡ್ರೈವರ ಹೆಂಡತಿ ನನ್ನ ಕಡೆ ತಿರುಗಿ, ಯಾರು ಏನು ಎಂದು ಕೂಡ ಕೇಳದೆ, ಮಾತಾಡತೊಡಗಿದರು. "ಅವತ್ತು, ಇವರ ಮನೆಯವರು ತೀರಿಕೊಂಡ ದಿನ, ಇವರು ಕೂಗಿದ್ದು ನನಗೆ ಅಡುಗೆಮನೆಗೇ ಕೇಳಿಸ್ತು. ಓಡಿ ಬಂದೆ. ಇಲ್ಲೀವರೆಗೂ ಬಂದೆ. ಅವರು ಅಲ್ಲಿ ಬಾಗಿಲ ಹತ್ತಿರ ಬಿದ್ದಿರೋದು ಕಾಣಿಸ್ತಿತ್ತು. ದಾಟೋಕೆ ಆಗಲಿಲ್ಲ. ಹತ್ತೋಕೂ ನೋಡಿದೆ. ಕಾಲು ನಿಲ್ಲಲಿಲ್ಲ. ಆಮೇಲೆ ಮುಂಬಾಗಿಲಿಂದ ಹೊರಟು, ಬೀದಿ ಮೂಲೆವರೆಗೆ ಓಡಿ, ಈ ಬೀದಿಗೆ ತಿರುಗಿ ಬರೋ ಹೊತ್ತಿಗೆ..."

"ನೀನು ಬಂದಿದ್ರೂ ಏನೂ ಆಗ್ತಿರಲಿಲ್ಲಮ್ಮ. ಡಾಕ್ಟ್ರೇ ಹೇಳಿದ್ರಲ್ಲ," ಎಂದರು ಕನ್ನಡಕದವರು.

"ಆಗ್ತಿರಲಿಲ್ಲ. ಕೈ ಹಿಡ್ಕೊಂಡಿರ್ತಿದ್ದೆ."

ಆಕೆ ಥಟ್ಟನೆ ತಿರುಗಿ ನಿಂಬೆ ಮರದಿಂದ ನಾಲ್ಕು ಹಣ್ಣು ಕಿತ್ತರು. ದಾರಿಗೆ ಇಟ್ಟುಕೊಳ್ಳಿ ಎಂದು ಜಾಲರಿಗೆ ಒತ್ತಿದರು. ಹಣ್ಣು ತೂರಲಿಲ್ಲ, ಕಣ್ಣು ಚಿಕ್ಕದು. ಇನ್ನೊಂದು ಕಣ್ಣಿಗೆ ಒತ್ತಿ ನೋಡಿದರು. ಅಕ್ಕ ಹೋಗಿ ಕೈ ಮೇಲೆತ್ತಿದರು, ಆಕೆ ತುದಿಗಾಲಲ್ಲಿ ನಿಂತು ಒಂದೊಂದಾಗಿ ಬೇಲಿಯ ಮೇಲಿನಿಂದ ಕೊಟ್ಟರು. ಕನ್ನಡಕದವರು ಎರಡೂ ಕೈಯಲ್ಲಿ ಹಣ್ಣು ಹಿಡಿದು, ಎಲ್ಲಿಡಬೇಕೆಂದು ತಿಳಿಯದೆ, ಹಾಗೇ ಒಳಗೆ ಹೋದರು.

ನಾವು ಹೊರಡುವವರೆಗೂ ಡ್ರೈವರು ಶೆಡ್ಡು ಬಿಟ್ಟು ಈಚೆ ಬರಲಿಲ್ಲ. ಟ್ಯೂಬು ಮಾತ್ರ ಹೊಟ್ಟೆ ಉಬ್ಬಿಸಿಕೊಂಡು ಬಾಗಿಲಲ್ಲೇ ಬಿದ್ದಿತ್ತು.

ದಾರಿಯುದ್ದಕ್ಕೂ ಅಕ್ಕನ ಬಾಯಿಂದ ಬಂದದ್ದು ಒಂದೇ ಮಾತು. "ಆ ಜಾಲರಿ ಆರಿಸಿದ್ದೂ ನಾನೇ. ಕಣ್ಣು ದೊಡ್ಡದಿದ್ರೆ ಬೆಕ್ಕು ನುಗ್ಗುತ್ತೆ, ಚಿಕ್ಕದೇ ಹಾಕ್ಕೊಳ್ಳಿ ಅಂತ ಹೇಳಿ ಹಾಕಿಸಿದ್ದೆ."

ಅಕ್ಕನ ಮನೆ ಊರಂಚಿನಲ್ಲಿದೆ. ಎರಡು ಕೋಣೆ, ಪಕ್ಕದಲ್ಲಿ ಕಬ್ಬಿಣದ ಸಾಮಾನಿಗೆ ಒಂದು ಚಪ್ಪರ. ಗಂಡ ಕುರ್ಚಿಯಲ್ಲಿ ಕೂತು ತಂತಿಯ ತುಂಡುಗಳನ್ನು ಒಂದೇ ಅಳತೆಗೆ ಕತ್ತರಿಸಿ ಕಟ್ಟು ಕಟ್ಟುತ್ತಿದ್ದರು. ಹೆಂಡತಿಯ ಮುಖ ನೋಡಿ ಎದ್ದು, ಸೊಂಟ ಹಿಡಿದುಕೊಂಡು ಒಳಗೆ ಹೋಗಿ ಟೀಗೆ ಇಟ್ಟರು. ಅವರ ಮನೆಗೆ ಬೇಲಿ ಇಲ್ಲ. ಯಾಕೆ ಎಂದು ನಾನು ಕೇಳುವ ಮೊದಲೇ ಒಳಗಿಂದ ಅವರೇ ಹೇಳಿದರು: "ಪುರುಸೊತ್ತಿಲ್ಲ ಅವಳಿಗೆ. ಊರಿಗೆಲ್ಲ ಕಟ್ಟಬೇಕಲ್ಲ."

ಚಪ್ಪರದ ಹಿಂಗೋಡೆಗೆ ಒಂದು ಚಿಕ್ಕ ಗೇಟು ಒರಗಿಸಿಟ್ಟಿತ್ತು. ಹಸಿರು ಬಣ್ಣ, ಮೇಲ್ಭಾಗ ಕಮಾನಿನಂತೆ ಬಗ್ಗಿಸಿದ ಸರಳು, ಒಳಗೆ ದೊಡ್ಡ ಕಣ್ಣಿನ ಜಾಲರಿ. ಅದರ ಮೇಲೆ ಟವೆಲೊಂದು ಒಣಗುತ್ತಿತ್ತು. ಮಾರಾಟಕ್ಕೋ ಎಂದು ಕೇಳಿದೆ.

"ಮಾರಾಟಕ್ಕಲ್ಲ. ಆಯಮ್ಮ ತೀರಿಕೊಂಡ ಮೇಲೆ ನಮ್ಮವರ ಹತ್ರ ಮಾಡಿಸಿದ್ದು," ಎಂದರು ಅಕ್ಕ. "ಆ ಎರಡು ಕಂಬದ ನಡುವೆ ಸರಿಯಾಗಿ ಕೂರುತ್ತೆ. ಯಾರಾದ್ರೂ ಒಬ್ಬರು ಹೂಂ ಅಂದ್ರೆ ಅವತ್ತೇ ತಗೊಂಡು ಹೋಗಿ ಇಡೋಣ ಅಂತಿದ್ದೆ."

"ಏನು ಹೂಂ ಅನ್ನೋದೋ," ಎಂದರು ಗಂಡ, ಟೀ ತರುತ್ತ. "ವರ್ಷ ವರ್ಷ ಬಣ್ಣ ಹೊಡೆದು ಹೊಡೆದು ಗೇಟೇ ದಪ್ಪ ಆಗ್ತಿದೆ."

ಅಕ್ಕ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡರು. ಡಬ್ಬಿಯಿಂದ ಗ್ರೀಸ್ ತೆಗೆದು ಗೇಟಿನ ಕೀಲಿಗೆ ಬೆರಳಿಂದ ಸವರಿ, ಒಮ್ಮೆ ಆಡಿಸಿ ನೋಡಿದರು. ಸದ್ದಿಲ್ಲದೆ ತಿರುಗಿತು. ಕನ್ನಡಕದವರು ಹೊರಟುಹೋಗುತ್ತಿದ್ದಾರೆ, ಇನ್ನು ಇದು ಯಾರಿಗೆ ಎಂಬ ಪ್ರಶ್ನೆ ನನ್ನ ಬಾಯಿಗೆ ಬಂದಿತ್ತು. ಕೇಳಲು ಮನಸ್ಸಾಗಲಿಲ್ಲ. ಅಕ್ಕನಿಗೆ ಅದು ಹೇಗೋ ಕೇಳಿಸಿರಬೇಕು.

"ಆ ಮನೆಗೆ ಹೊಸಬರು ಬರ್ತಾರಲ್ಲ," ಎಂದರು ಬೆರಳು ಒರೆಸಿಕೊಳ್ಳುತ್ತ. "ಅವರು ಬಂದ ದಿನವೇ ಹೋಗಿ ಕೇಳ್ತೀನಿ. ಅವರಿಗೂ ಡ್ರೈವರಣ್ಣನಿಗೂ ಇನ್ನೂ ಜಗಳ ಆಗಿಲ್ಲ."